ಅಕ್ಕಡಿ ಸಾಲಿನ ನೆರೆಹೊರೆ

ತುಮಕೂರು, ಕೋಲಾರ, ರಾಮನಗರದ ಕಡೆ ಮುಂಗಾರಿನ ಹದ ಸಿಕ್ಕ ಹೊಲದಲ್ಲಿ ರಾಗಿ ಬಿತ್ತುವಾಗ ಕೂರಿಗೆಯ ಹಿಂದೆ ಇನ್ನೊಂದು ಸಲಕರಣೆ ಸಾಗುತ್ತದೆ. ಹಗ್ಗ ಕಟ್ಟಿದ, ತುದಿ ಚೂಪಾದ ಒಂಟಿ ಬಿದಿರಿನ ಕೊಳವೆ ಅದು. ಅದಕ್ಕೆ ಸಡ್ಡೆ ಎನ್ನುತ್ತಾರೆ. ಕೂರಿಗೆಯ ಬಟ್ಟಲಿಗೆ ರಾಗಿ ಬಿಡುವ ಕೈ ಒಂದಾದರೆ, ಸಡ್ಡೆ ಹಿಡಿದು ಹಿಂದೆ ನಡೆಯುವ ಕೈ ಇನ್ನೊಂದು. ಬಹುಪಾಲು ಮನೆಯ ಹೆಣ್ಣುಮಕ್ಕಳದು. ಮಡಿಲಲ್ಲಿ ಅವರೆ, ತೊಗರಿ, ಅಲಸಂದೆಯ ಕಾಳು ಇರುತ್ತದೆ. ಎಂಟು ಹತ್ತು ಸಾಲು ರಾಗಿ ಆದಮೇಲೆ ಒಂದೋ ಎರಡೋ ಸಾಲು ಈ ಕಾಳುಗಳದ್ದು. ಅದೇ ಅಕ್ಕಡಿ ಸಾಲು. ಬದುವಿನ ಅಂಚಿಗೆ ಹರಳು, ಸುತ್ತ ಹುಚ್ಚೆಳ್ಳು, ನಡುನಡುವೆ ಒಂದೊಂದು ಜೋಳ, ಒಂದಿಷ್ಟು ಸಾಸಿವೆ ಇರುವುದೂ ಉಂಟು.

ಕಾರ್ತಿಕದ ಹೊತ್ತಿಗೆ ಈ ಹೊಲದ ಬದುವಿನ ಮೇಲೆ ಕೂತು ಸ್ವಲ್ಪ ಹೊತ್ತು ನೋಡಬೇಕು. ರಾಗಿ ತೆನೆ ಬಾಗಿರುತ್ತದೆ. ಹುಚ್ಚೆಳ್ಳು ಹಳದಿಯಾಗಿ ಅರಳಿರುತ್ತದೆ. ಅದರ ಮೇಲೆ ತುಡುವೆ ಜೇನು, ಕೋಲು ಜೇನು, ಹೂನೊಣಗಳ ಓಡಾಟ. ಹುಚ್ಚೆಳ್ಳಿನ ಗಿಡ ತನ್ನದೇ ಪರಾಗದಿಂದ ಕಾಳು ಕಟ್ಟಲಾರದು, ಬೇರೆ ಗಿಡದ ಪರಾಗವೇ ಆಗಬೇಕು. ಹೀಗಾಗಿ ಅದಕ್ಕೆ ಈ ಅತಿಥಿಗಳಿಲ್ಲದೆ ಸಂಸಾರವೇ ನಡೆಯುವುದಿಲ್ಲ. ಪಕ್ಕದ ಅಲಸಂದೆಯ ಕುಡಿ ಬಗ್ಗಿಸಿ ನೋಡಿದರೆ ಕಪ್ಪು ಹೇನು ಮೆತ್ತಿಕೊಂಡಿರುತ್ತದೆ. ಹೇನಿನ ನಡುವೆ ಗುಲಗಂಜಿ ಹುಳದ ಮರಿ, ಮೈಮೇಲೆ ಸಣ್ಣ ಮುಳ್ಳಿನಂಥ ಗುಬುಟು ಹೊತ್ತು, ಒಂದೊಂದೇ ಹೇನನ್ನು ಹಿಡಿದು ತಿನ್ನುತ್ತಿರುತ್ತದೆ. ಈ ಕಪ್ಪು ಹೇನು ರಾಗಿಗೆ ಬರುವುದಿಲ್ಲ. ಅಂದರೆ ಅಲಸಂದೆಯ ಸಾಲು ರಾಗಿಗೆ ತೊಂದರೆ ಕೊಡದ ಹುಳ ಸಾಕಿ, ಅದನ್ನು ತಿಂದು ಬೆಳೆದ ಗುಲಗಂಜಿ ಹುಳವನ್ನು ಇಡೀ ಹೊಲಕ್ಕೆ ಒದಗಿಸುತ್ತಿದೆ. ಕಾಳಿನ ಲೆಕ್ಕದಲ್ಲಿ ಇದು ಎಲ್ಲೂ ಕಾಣುವುದಿಲ್ಲ.

ಅಕ್ಕಡಿಯನ್ನು ನಾವು ಸಾಮಾನ್ಯವಾಗಿ ಎರಡು ಕಾರಣಕ್ಕೆ ಮೆಚ್ಚುತ್ತೇವೆ. ರಾಗಿಯ ಜೊತೆಗೇ ಸಾರಿನ ಕಾಳು, ಒಗ್ಗರಣೆಯ ಎಣ್ಣೆ, ಚಟ್ನಿಯ ಹುಚ್ಚೆಳ್ಳು ಒಂದೇ ಹೊಲದಲ್ಲಿ ಸಿಗುತ್ತದೆ. ಮಳೆ ಕೈಕೊಟ್ಟರೂ ಏನಾದರೂ ಒಂದು ಉಳಿಯುತ್ತದೆ. ಎರಡೂ ನಿಜ. ಆದರೆ ಈ ಅಧ್ಯಾಯದಲ್ಲಿ ನನಗೆ ಹೇಳಬೇಕಿರುವುದು ಬೇರೆ: ಈ ಸಾಲುಗಳು ಹುಳುಗಳ ವಿಳಾಸವನ್ನೇ ಬದಲಿಸುತ್ತವೆ. ಯಾವ ಬೆಳೆಯ ಪಕ್ಕ ಯಾವ ಬೆಳೆ, ಎಷ್ಟು ಸಾಲಿಗೆ ಎಷ್ಟು ಸಾಲು, ಯಾವುದು ಯಾವಾಗ ಹೂ ಬಿಡುತ್ತದೆ, ಈ ಮೂರರ ಮೇಲೆ ಕೀಟಗಳ ಬದುಕು ನಿಂತಿದೆ.

ಹೆಣ್ಣು ಪತಂಗವೊಂದು ಮೊಟ್ಟೆಯಿಡಲು ಗಿಡ ಹುಡುಕುವುದು ಬಹುಪಾಲು ವಾಸನೆಯಿಂದ. ಪ್ರತಿ ಸಸ್ಯವೂ ಎಲೆಯಿಂದ ಹತ್ತಾರು ಬಗೆಯ ಆವಿಗಳನ್ನು ಬಿಡುತ್ತಿರುತ್ತದೆ. ಅವುಗಳ ಬೆರಕೆಯ ಪ್ರಮಾಣವೇ ಆ ಸಸ್ಯದ ಗುರುತು. ಪತಂಗದ ಮೀಸೆಯಲ್ಲಿ ಆ ಗುರುತನ್ನು ಹಿಡಿಯುವ ನರತಂತುಗಳಿವೆ. ಇಡೀ ಹೊಲ ಒಂದೇ ಬೆಳೆಯಾದರೆ ಗಾಳಿಯಲ್ಲಿ ಒಂದೇ ವಾಸನೆಯ ಪಟ್ಟೆ ಹರಿಯುತ್ತದೆ, ಪತಂಗ ಅದನ್ನು ಹಿಡಿದು ನೇರ ಬಂದಿಳಿಯುತ್ತದೆ. ನಾಲ್ಕಾರು ಬೆಳೆ ಬೆರೆತ ಹೊಲದಲ್ಲಿ ಅದರ ಪಾಡು ಸಂತೆಯ ಗದ್ದಲದಲ್ಲಿ ಒಬ್ಬರ ದನಿ ಹಿಡಿದು ಹೋಗುವವರ ಪಾಡು. ಇಳಿದರೂ ತಪ್ಪು ಗಿಡದ ಮೇಲೆ ಇಳಿಯುತ್ತದೆ, ಏಳುತ್ತದೆ, ಮತ್ತೆ ಇಳಿಯುತ್ತದೆ. ಪತಂಗದ ಆಯಸ್ಸು ಕೆಲವೇ ದಿನ. ಹುಡುಕಾಟದಲ್ಲಿ ಕಳೆದ ಪ್ರತಿ ರಾತ್ರಿಯೂ ಇಡದೇ ಉಳಿದ ಮೊಟ್ಟೆಗಳೇ.

ಒಂದೇ ಬೆಳೆ ತುಂಬಿದಲ್ಲಿ ಹುಳ ಹೆಚ್ಚು ಎಂಬುದನ್ನು ಪ್ರಯೋಗದಲ್ಲಿ ತೋರಿಸಿದವರು ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ರಿಚರ್ಡ್ ರೂಟ್. ಕೋಸಿನ ಜಾತಿಯ ಕೊಲಾರ್ಡ್ ಎಂಬ ಸೊಪ್ಪನ್ನು ಅವರು ಎರಡು ಬಗೆಯಲ್ಲಿ ಬೆಳೆದರು. ಒಂದು ಕಡೆ ಪಾತಿ ತುಂಬ ಬರೀ ಅದೇ ಸೊಪ್ಪು; ಇನ್ನೊಂದು ಕಡೆ ಕಾಡುಗಿಡ, ಹುಲ್ಲಿನ ನಡುವೆ ಒಂಟಿ ಸಾಲು. ಮೂರು ಹಂಗಾಮು ಹುಳ ಎಣಿಸಿ 1973ರಲ್ಲಿ ಪ್ರಕಟಿಸಿದ ಲೆಕ್ಕದಲ್ಲಿ, ಸೊಪ್ಪು ತಿನ್ನುವ ಹುಳಗಳ ಹೊರೆ ಒಂಟಿ ಸಾಲಿಗಿಂತ ತುಂಬಿದ ಪಾತಿಯಲ್ಲೇ ಹೆಚ್ಚಿತ್ತು. ಅವರು ಎರಡು ವಿವರಣೆ ಮುಂದಿಟ್ಟರು. ಆಹಾರ ಒಂದೆಡೆ ರಾಶಿ ಬಿದ್ದಿದ್ದರೆ ಅದನ್ನೇ ನಂಬಿದ ಹುಳಕ್ಕೆ ಹುಡುಕುವುದೂ ಸುಲಭ, ಒಮ್ಮೆ ಬಂದಮೇಲೆ ಬಿಟ್ಟು ಹೋಗುವ ಅಗತ್ಯವೂ ಇಲ್ಲ, ಇದು ಮೊದಲನೆಯದು. ಹಲವು ಬಗೆಯ ಗಿಡವಿರುವಲ್ಲಿ ಹುಳ ತಿನ್ನುವ ಹುಳಗಳಿಗೆ ಮಕರಂದ, ನೆರಳು, ಬದಲಿ ಬೇಟೆ ಸಿಕ್ಕಿ ಅವು ಹೆಚ್ಚುತ್ತವೆ, ಇದು ಎರಡನೆಯದು. ಐವತ್ತು ವರ್ಷ ಕಳೆದರೂ ಈ ವಿಷಯದ ಸಂಶೋಧನೆ ಬಹುಪಾಲು ಈ ಎರಡು ಮಾತಿನ ಸುತ್ತಲೇ ನಡೆದಿದೆ.

1991ರಲ್ಲಿ ಡೇವಿಡ್ ಆಂಡೋ ಎಂಬ ವಿಜ್ಞಾನಿ ಅದುವರೆಗಿನ 209 ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದರು. 287 ಜಾತಿಯ ಸಸ್ಯಾಹಾರಿ ಕೀಟಗಳಲ್ಲಿ ಶೇ. 52ರಷ್ಟು ಜಾತಿಗಳು ಮಿಶ್ರ ಬೆಳೆಯಲ್ಲಿ ಕಡಿಮೆಯಾಗಿದ್ದವು. ಶೇ. 15ರಷ್ಟು ಜಾತಿಗಳು ಹೆಚ್ಚಾಗಿದ್ದವು! ಉಳಿದವುಗಳಲ್ಲಿ ವ್ಯತ್ಯಾಸ ಇರಲಿಲ್ಲ, ಇಲ್ಲವೇ ಒಂದೊಂದು ಕಡೆ ಒಂದೊಂದು ಥರ ಇತ್ತು. ಮಿಶ್ರ ಬೆಳೆಯ ಪರವಾಗಿ ಮಾತಾಡುವವರು ಮೊದಲ ಸಂಖ್ಯೆಯನ್ನು ಹೇಳಿ ಎರಡನೆಯದನ್ನು ನುಂಗಿಬಿಡುತ್ತಾರೆ. ನನಗೆ ಎರಡನೆಯದೇ ಹೆಚ್ಚು ಮುಖ್ಯ ಅನ್ನಿಸುತ್ತದೆ, ಏಕೆಂದರೆ ಸುಮ್ಮನೆ ಬೆರೆಸಿದರೆ ಆಗದು, ತಿಳಿದು ಬೆರೆಸಬೇಕು ಎಂಬುದನ್ನು ಅದು ಹೇಳುತ್ತದೆ.

ಕಡಿಮೆಯಾದವು ಹೆಚ್ಚಾಗಿ ಒಂದೇ ಬೆಳೆಯನ್ನೋ ಒಂದೇ ಕುಲವನ್ನೋ ನಂಬಿದ ಹುಳಗಳು. ಅವರೆಯನ್ನೇ ಹುಡುಕಿ ಬರುವ ಕಾಯಿಕೊರಕ ಒಂದಿದೆ. ರಾಗಿಯ ನಡುವೆ ತೆಳುವಾಗಿ ಹರಡಿದ ಅವರೆ ಸಾಲು ಅಂಥ ಹುಳಕ್ಕೆ ಕಷ್ಟದ ಊರು. ಆದರೆ ತೊಗರಿ, ಕಡಲೆ, ಹತ್ತಿ, ಟೊಮೆಟೊ, ಸೂರ್ಯಕಾಂತಿ, ಜೋಳದ ತೆನೆ ಎಲ್ಲವನ್ನೂ ತಿನ್ನುವ ಹಸಿರು ಕಾಯಿಕೊರಕ, ಅಂದರೆ ಹೆಲಿಕೋವರ್ಪಾ ಇದೆಯಲ್ಲ, ಅದಕ್ಕೆ ಬೆರಕೆ ಹೊಲ ಗೊಂದಲವಲ್ಲ, ಊಟದ ಆಯ್ಕೆ. ಹಾಗೆಯೇ ಹತ್ತಿಯ ಪಕ್ಕ ಬೆಂಡೆ ಹಾಕಿದರೆ ಎರಡೂ ಒಂದೇ ಕುಲದ ಗಿಡಗಳು. ಜಿಗಿಹುಳು, ಬಿಳಿನೊಣ ಎರಡಕ್ಕೂ ಸಮಾನ ನೆಂಟರು. ಇಂಥ ಜೋಡಿಗೆ ಮಿಶ್ರ ಬೆಳೆ ಎಂದು ಹೆಸರಿಟ್ಟರೂ ಹುಳದ ಲೆಕ್ಕದಲ್ಲಿ ಅದು ಏಕಬೆಳೆಯೇ. ರಾಗಿ ಮತ್ತು ಅವರೆ ಹಾಗಲ್ಲ. ಒಂದು ಹುಲ್ಲಿನ ಕುಲ, ಇನ್ನೊಂದು ದ್ವಿದಳ ಧಾನ್ಯ. ತಗಲುವ ರೋಗ, ತಿನ್ನುವ ಹುಳ ಬಹುಪಾಲು ಬೇರೆ ಬೇರೆ.

ಹೆಲಿಕೋವರ್ಪಾದ ಕತೆಯನ್ನು ಇನ್ನಷ್ಟು ಹತ್ತಿರದಿಂದ ನೋಡೋಣ. ಔಷಧಿಗೆ ಬಗ್ಗದ ಹುಳವೆಂದು ಇದು ನಮ್ಮ ದೇಶದಲ್ಲಿ ಕುಖ್ಯಾತವಾದದ್ದು 1987ರಲ್ಲಿ, ಆಂಧ್ರದ ಕರಾವಳಿ ಜಿಲ್ಲೆಗಳ ಹತ್ತಿ ಹೊಲಗಳಲ್ಲಿ. ಪೈರಿಥ್ರಾಯ್ಡ್ ಜಾತಿಯ ಕೀಟನಾಶಕವನ್ನು ಎಷ್ಟು ಹೊಡೆದರೂ ಅದು ಸಾಯಲಿಲ್ಲ. ಕಲಬುರಗಿ, ಬೀದರದ ತೊಗರಿ ರೈತರಿಗೆ ಈ ಹುಳದ ಕಾಟ ಹೇಳಿ ಕೊಡಬೇಕಿಲ್ಲ. ಗಿಡ ಅಲ್ಲಾಡಿಸಿ, ಕೆಳಗೆ ಹಾಸಿದ ಬಟ್ಟೆಗೆ ಹುಳ ಉದುರಿಸಿ ಕೊಂದವರು ಅವರು. ಈ ಪತಂಗ ಹೂ, ಮೊಗ್ಗು, ಎಳೆಗಾಯಿಯ ಮೇಲೆ ಒಂದೊಂದೇ ಮೊಟ್ಟೆ ಇಡುತ್ತದೆ, ಗಸಗಸೆಗಿಂತ ಚಿಕ್ಕದು, ಬೆಳ್ಳಗೆ ಹೊಳೆಯುವಂಥದು. ಆ ಮೊಟ್ಟೆಯನ್ನೇ ಹುಡುಕಿಕೊಂಡು ಬರುವ ಕಣಜವೊಂದಿದೆ. ಹೆಸರು ಟ್ರೈಕೊಗ್ರಾಮ. ಉದ್ದ ಅರ್ಧ ಮಿಲಿಮೀಟರಿಗೂ ಕಡಿಮೆ. ಹೆಣ್ಣು ಕಣಜ ಪತಂಗದ ಮೊಟ್ಟೆಯ ಮೇಲೆ ಹತ್ತಿ, ಮೀಸೆಯಿಂದ ತಟ್ಟುತ್ತ ಸುತ್ತಾಡಿ ಅಳತೆ ನೋಡಿ, ಅದರೊಳಗೆ ತನ್ನ ಮೊಟ್ಟೆ ಇಳಿಸುತ್ತದೆ. ಕೆಲವು ದಿನದಲ್ಲಿ ಪತಂಗದ ಮೊಟ್ಟೆ ಕಪ್ಪಾಗುತ್ತದೆ. ಅದರಿಂದ ಹೊರಬರುವುದು ಕಾಯಿ ಕೊರೆಯುವ ಹುಳವಲ್ಲ, ಇನ್ನಷ್ಟು ಕಣಜ.

ಜೋಳದ ತೆನೆಯ ಮೇಲಿನ ಹೆಲಿಕೋವರ್ಪಾ ಮೊಟ್ಟೆಗಳನ್ನು ಈ ಕಣಜ ಧಾರಾಳವಾಗಿ ಹಿಡಿಯುತ್ತದೆ. ಹಾಗಿದ್ದರೆ ತೊಗರಿಯ ಜೊತೆ ಜೋಳ ಬಿತ್ತಿದರೆ ಜೋಳದಲ್ಲಿ ಹೆಚ್ಚಿದ ಕಣಜ ತೊಗರಿಗೂ ಬರಬೇಕಲ್ಲ? ಹೈದರಾಬಾದ್ ಬಳಿಯ ಪಟಾನ್‌ಚೆರುವಿನಲ್ಲಿರುವ ಇಕ್ರಿಸ್ಯಾಟ್ ಕೃಷಿ ಸಂಶೋಧನಾ ಸಂಸ್ಥೆಯಲ್ಲಿ 1990ರ ದಶಕದಲ್ಲಿ ಇದನ್ನೇ ಪರೀಕ್ಷಿಸಿದರು. ಬರಲಿಲ್ಲ. ಮೊದಲ ಕಾರಣ ಗಿಡದ ಮೈ. ತೊಗರಿಯ ಹೂವಿನ ಪುಷ್ಪಪಾತ್ರೆ, ಎಳೆಗಾಯಿಯ ಮೇಲೆ ದಟ್ಟ ರೋಮ, ಅಂಟು ರಸ ಇದೆ; ನಮ್ಮ ಬೆರಳಿಗೆ ಅದು ಮೃದು, ಅರ್ಧ ಮಿಲಿಮೀಟರಿನ ಕಣಜಕ್ಕೆ ಅದು ನಡೆಯಲಾಗದ ಮುಳ್ಳುಕಾಡು. ಎರಡನೆಯ ಕಾರಣ ಕಾಲ. ಜೋಳ ತೆನೆ ಬಿಡುವುದು ಮೊದಲು, ತೊಗರಿ ಹೂ ಬಿಡುವುದು ಎಷ್ಟೋ ದಿನದ ಮೇಲೆ. ಕಣಜದ ಸಂತತಿ ತುಂಬಿದ್ದಾಗ ತೊಗರಿಯಲ್ಲಿ ಮೊಟ್ಟೆಯೇ ಇರುವುದಿಲ್ಲ. ಒಳ್ಳೆಯ ನೆರೆಯವರಿದ್ದರೂ ಅವರ ಬಿಡುವಿನ ಹೊತ್ತು ನಮ್ಮ ಕಷ್ಟದ ಹೊತ್ತು ಒಂದಾಗದಿದ್ದರೆ ಉಪಯೋಗವಿಲ್ಲ.

ಆದರೂ ತೊಗರಿಯ ನಡುವೆ ಒಂದಿಷ್ಟು ಜೋಳ ಬೆರೆಸಿ ಬಿತ್ತಿ ಎಂದು ಕೃಷಿ ಇಲಾಖೆ ಹೇಳುವುದರಲ್ಲಿ ಅರ್ಥವಿದೆ. ಆ ಕೆಲಸ ಕಣಜದ್ದಲ್ಲ, ಹಕ್ಕಿಯದ್ದು. ಎತ್ತರದ ಜೋಳದ ದಂಟಿನ ಮೇಲೆ ಕಾಜಾಣ, ಗೊರವಂಕ ಬಂದು ಕೂರುತ್ತವೆ. ಕೂತಲ್ಲಿಂದ ತೊಗರಿಯ ಮೇಲಿನ ಹುಳ ಕಾಣುತ್ತದೆ. ಕಣ್ಣಿಗೆ ಬಿದ್ದ ಹುಳವನ್ನು ಕಾಜಾಣ ಬಿಡುವ ಹಕ್ಕಿಯಲ್ಲ. ತೊಗರಿಗೆ ಜೋಳದಿಂದ ಇನ್ನೂ ಒಂದು ಉಪಕಾರವಿದೆ. ಕಲ್ಯಾಣ ಕರ್ನಾಟಕದ ರೈತರು ನೆಟೆ ರೋಗ ಎನ್ನುವ, ಹಸಿರು ಗಿಡವೇ ನಿಂತಲ್ಲೇ ಬಾಡುವ ಸೊರಗು ರೋಗ ಮಣ್ಣಿನ ಶಿಲೀಂಧ್ರದಿಂದ ಬರುತ್ತದೆ. ಜೋಳದ ಜೊತೆ ಬೆಳೆದ ತೊಗರಿಯಲ್ಲಿ ಅದು ಕಡಿಮೆ ಎಂಬುದು ಇಕ್ರಿಸ್ಯಾಟ್‌ನ ಪ್ರಯೋಗಗಳಲ್ಲೇ ಕಂಡಿದೆ.

ಹೊತ್ತು ಹೊಂದಿಸುವ ಜಾಣತನಕ್ಕೆ ಒಳ್ಳೆಯ ಉದಾಹರಣೆ ಬೆಂಗಳೂರಿನ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯಲ್ಲಿದೆ. ಎಲೆಕೋಸಿಗೆ ವಜ್ರಬೆನ್ನಿನ ಪತಂಗ ದೊಡ್ಡ ಪಿಡುಗು. ಇದಕ್ಕೆ ಎಲೆಕೋಸಿಗಿಂತ ಸಾಸಿವೆ ಇಷ್ಟ. ಅಲ್ಲಿನ ವಿಜ್ಞಾನಿಗಳು ಇಪ್ಪತ್ತೈದು ಸಾಲು ಕೋಸಿಗೆ ಜೋಡಿ ಸಾಲು ಸಾಸಿವೆ ಎಂಬ ವಿನ್ಯಾಸ ಕೊಟ್ಟರು. ಆದರೆ ಜೋಡಿಯ ಎರಡೂ ಸಾಲನ್ನು ಒಂದೇ ದಿನ ಬಿತ್ತುವಂತಿಲ್ಲ. ಒಂದನ್ನು ಕೋಸು ನೆಡುವ 15 ದಿನ ಮೊದಲು, ಇನ್ನೊಂದನ್ನು ನೆಟ್ಟ 25 ದಿನದ ಮೇಲೆ. ಮೊದಲ ಸಾಸಿವೆ ಒಣಗುವ ಹೊತ್ತಿಗೆ ಎರಡನೆಯದು ಹಸಿರಾಗಿ ನಿಂತಿರುತ್ತದೆ, ಪತಂಗಕ್ಕೆ ಕೋಸಿನ ಕಡೆ ತಿರುಗಲು ಬಿಡುವೇ ಇಲ್ಲ. ಹುಳ ಸೇರಿದ ಸಾಸಿವೆಗೆ ಮಾತ್ರ ಔಷಧಿ ಹೊಡೆದರೆ ಸಾಕು. ಟೊಮೆಟೊಗೂ ಇದೇ ಬಗೆಯ ಲೆಕ್ಕ: ಹದಿನಾರು ಸಾಲು ಟೊಮೆಟೊಗೆ ಒಂದು ಸಾಲು ಚೆಂಡು ಹೂ. ಟೊಮೆಟೊ ಸಸಿ 25 ದಿನದ್ದಾದರೆ ಚೆಂಡು ಹೂವಿನ ಸಸಿ ತಿಂಗಳು ಮೀರಿ ಬಲಿತಿರಬೇಕು. ಆಗ ಎರಡೂ ಒಟ್ಟಿಗೆ ಹೂ ಬಿಡುತ್ತವೆ. ಹೆಲಿಕೋವರ್ಪಾ ಟೊಮೆಟೊ ಬಿಟ್ಟು ಚೆಂಡು ಹೂವಿನ ಮೊಗ್ಗಿಗೆ ಮೊಟ್ಟೆ ಇಡುತ್ತದೆ. ಕೋಲಾರದ ಎಷ್ಟೋ ತೋಟಗಳಲ್ಲಿ ಚೆಂಡು ಹೂ ಕಾಣುತ್ತದೆ, ಆದರೆ ಅಂಚಿನಲ್ಲಿ, ಅಲಂಕಾರಕ್ಕೆ ನೆಟ್ಟ ಹಾಗೆ. ಸಸಿಯ ವಯಸ್ಸಿನ ಲೆಕ್ಕ ತಪ್ಪಿದರೆ ಹೂ ಮಾರಾಟಕ್ಕೆ ಬಂದೀತು, ಹುಳದ ಕೆಲಸಕ್ಕೆ ಬರದು.

ಹೀಗೆ ಹುಳವನ್ನು ತನ್ನತ್ತ ಸೆಳೆದು ಮುಖ್ಯ ಬೆಳೆ ಉಳಿಸುವ ಬಲೆ ಬೆಳೆಯ ಉಪಾಯ ರೈತರಿಗೆ ಹೊಸದಲ್ಲ. ಹರಳು ಗಿಡವನ್ನೇ ನೋಡಿ. ಎಲೆ ತಿನ್ನುವ ಸ್ಪೊಡಾಪ್ಟೆರಾ ಪತಂಗ ಒಂದೊಂದೇ ಮೊಟ್ಟೆ ಇಡುವುದಿಲ್ಲ. ನೂರಾರನ್ನು ಗುಂಪಾಗಿ ಇಟ್ಟು ಮೇಲೆ ತನ್ನ ಮೈಯ ಕಂದು ರೋಮ ಹೊದಿಸುತ್ತದೆ. ಹರಳಿನ ಅಗಲ ಎಲೆ ಅದಕ್ಕೆ ಬಲು ಪ್ರಿಯ. ಶೇಂಗಾ, ಮೆಣಸಿನಕಾಯಿ, ತಂಬಾಕಿನ ಸಸಿಮಡಿಯ ಸುತ್ತ ಹರಳಿದ್ದರೆ ಆ ಕಂದು ಮಚ್ಚೆಯಿರುವ ಎಲೆ ಕಿತ್ತು ಹೊಸಕಿದರೆ ಮುಗಿಯಿತು. ಒಂದು ಎಲೆಯಲ್ಲಿ ನೂರಾರು ಹುಳದ ಲೆಕ್ಕ ತೀರುತ್ತದೆ.

ಈ ವಿದ್ಯೆಯನ್ನು ಅತ್ಯಂತ ದೂರ ಕೊಂಡೊಯ್ದದ್ದು ಕೀನ್ಯಾ ದೇಶ. ಅಲ್ಲಿ ಮುಸುಕಿನ ಜೋಳಕ್ಕೆ ಕಾಂಡಕೊರಕದ ಬಾಧೆ. ಅದರಲ್ಲಿ ಒಂದು ಜಾತಿ ನಮ್ಮ ಜೋಳದ ಹೊಲಗಳ ಹಳೆಯ ಪರಿಚಯದ್ದೇ. ಏಷ್ಯಾದಿಂದ ಕಳೆದ ಶತಮಾನದಲ್ಲಿ ಆಫ್ರಿಕಾ ಸೇರಿದ್ದು. ನೈರೋಬಿಯ ಕೀಟ ಸಂಶೋಧನಾ ಕೇಂದ್ರ ಇಸಿಪೆ, ಇಂಗ್ಲೆಂಡಿನ ರಾತಮ್‌ಸ್ಟೆಡ್ ಸಂಸ್ಥೆಗಳ ಜೊತೆಗಾರಿಕೆಯಲ್ಲಿ ಭಾರತ ಮೂಲದ ಝೆಯಾವುರ್ ಖಾನ್ ಮತ್ತು ಜಾನ್ ಪಿಕೆಟ್ 1990ರ ದಶಕದಲ್ಲಿ ತಳ್ಳು–ಸೆಳೆ ಪದ್ಧತಿ ರೂಪಿಸಿದರು. ಮುಸುಕಿನ ಜೋಳದ ಸಾಲುಗಳ ನಡುವೆ ಡೆಸ್ಮೋಡಿಯಂ ಎಂಬ ದ್ವಿದಳ ಮೇವಿನ ಬಳ್ಳಿ. ಅದರ ವಾಸನೆ ಪತಂಗವನ್ನು ದೂರ ತಳ್ಳುತ್ತದೆ. ಹೊಲದ ಸುತ್ತ ನೇಪಿಯರ್ ಹುಲ್ಲು. ಅದು ಪತಂಗವನ್ನು ಸೆಳೆಯುತ್ತದೆ. ನೇಪಿಯರ್ ಮೇಲೆ ಹುಟ್ಟಿದ ಮರಿಹುಳ ದಂಟು ಕೊರೆಯಹೊರಟರೆ ಗಾಯದಿಂದ ಅಂಟು ಒಸರುತ್ತದೆ, ಹುಳ ಅದರಲ್ಲಿ ಸಿಕ್ಕಿ ಸಾಯುತ್ತದೆ. ಬಹಳ ಕೆಲವೇ ಹುಳ ಬದುಕಿ ಉಳಿಯುತ್ತವೆ. ವಿಜ್ಞಾನಿಗಳೇ ನಿರೀಕ್ಷಿಸಿರದ ಲಾಭ ಇನ್ನೊಂದಿತ್ತು: ಡೆಸ್ಮೋಡಿಯಂ ಬೇರಿನ ರಸ ಸ್ಟ್ರೈಗಾ ಎಂಬ ಬೇರು ಹೀರುವ ಕಳೆಯ ಬೀಜವನ್ನು ಮೊಳೆಸುತ್ತದೆ, ಆದರೆ ಮೊಳೆತ ಕಳೆಗೆ ಜೋಳದ ಬೇರು ಹಿಡಿಯಲು ಬಿಡುವುದಿಲ್ಲ. ಮೊಳೆತದ್ದೇ ಸಾವು. ಬಳ್ಳಿಯೂ ಹುಲ್ಲೂ ಹಸುವಿಗೆ ಮೇವಾದ್ದರಿಂದ ರೈತರು ಅವುಗಳನ್ನು ಕೀಟದ ಔಷಧಿಯೆಂದಷ್ಟೇ ನೆಡಲಿಲ್ಲ, ಹಾಲಿಗಾಗಿಯೂ ನೆಟ್ಟರು. ಪದ್ಧತಿ ಉಳಿದುಕೊಂಡದ್ದು ಹಾಗೆ.

ಈ ಸುದ್ದಿ ಕರ್ನಾಟಕಕ್ಕೆ ಬೇಕಾದದ್ದು 2018ರ ಮೇ ತಿಂಗಳಲ್ಲಿ. ಅಮೆರಿಕ ಖಂಡದ ಸೈನಿಕ ಹುಳು, ಫಾಲ್ ಆರ್ಮಿವರ್ಮ್, ಭಾರತದಲ್ಲಿ ಮೊದಲು ಪತ್ತೆಯಾದದ್ದು ಶಿವಮೊಗ್ಗದ ಮುಸುಕಿನ ಜೋಳದಲ್ಲಿ. ದಾವಣಗೆರೆ, ಹಾವೇರಿ, ಶಿವಮೊಗ್ಗದ ಉದ್ದಕ್ಕೂ ಬೇರೆ ಬೆಳೆಯ ಸುಳಿವಿಲ್ಲದೆ ಹಬ್ಬಿದ ಮುಸುಕಿನ ಜೋಳ ಅದಕ್ಕೆ ಹಾಸಿಟ್ಟ ಎಲೆ. ಅದೇ ವರ್ಷ ಪೂರ್ವ ಆಫ್ರಿಕಾದಿಂದ ಬಂದ ವರದಿಯ ಪ್ರಕಾರ, ಬರ ತಾಳುವ ಡೆಸ್ಮೋಡಿಯಂ ಮತ್ತು ಬ್ರಕೇರಿಯಾ ಹುಲ್ಲು ಬಳಸಿದ ತಳ್ಳು–ಸೆಳೆ ಹೊಲಗಳಲ್ಲಿ ಪ್ರತಿ ಗಿಡದ ಮೇಲಿನ ಈ ಹುಳಗಳ ಸಂಖ್ಯೆ ಬರೀ ಮುಸುಕಿನ ಜೋಳಕ್ಕಿಂತ ಸರಾಸರಿ ಶೇ. 82ಕ್ಕೂ ಹೆಚ್ಚು ಕಡಿಮೆಯಿತ್ತು. ನಮ್ಮಲ್ಲಿ ಚರ್ಚೆ ನಡೆದದ್ದು ಯಾವ ಔಷಧಿ ಸುಳಿಗೆ ಹಾಕಬೇಕು ಎಂಬುದರ ಸುತ್ತಲೇ ಹೆಚ್ಚು.

ರೋಗದ ವಿಷಯದಲ್ಲಿ ಚೀನಾದ ಯುನ್ನಾನ್ ಪ್ರಾಂತದ ಪ್ರಯೋಗವನ್ನು ಹೇಳದೆ ಮುಂದೆ ಹೋಗಲಾಗದು. ಅಲ್ಲಿನ ಅಂಟಕ್ಕಿಯ ಭತ್ತಕ್ಕೆ ಬೆಲೆ ಜಾಸ್ತಿ, ಬೆಂಕಿ ರೋಗದ ಕಾಟವೂ ಜಾಸ್ತಿ. ಝು ಯೂಯೊಂಗ್ ಮತ್ತು ಜೊತೆಗಾರರು 1998 ಮತ್ತು 1999ರಲ್ಲಿ ಸಾವಿರಾರು ರೈತರ ಗದ್ದೆಗಳಲ್ಲಿ ರೋಗ ತಾಳುವ ಹೈಬ್ರಿಡ್ ಭತ್ತದ ಸಾಲುಗಳ ನಡುವೆ ಅಂಟಕ್ಕಿಯ ಸಾಲು ನೆಡಿಸಿದರು. ಎರಡೂ ಭತ್ತವೇ, ತಳಿ ಮಾತ್ರ ಬೇರೆ. ಅಂಟಕ್ಕಿಯಲ್ಲಿ ಬೆಂಕಿ ರೋಗದ ತೀವ್ರತೆ ಶೇ. 94ರಷ್ಟು ಇಳಿಯಿತು, ಒಂದೇ ತಳಿಯಾಗಿ ಬೆಳೆದದ್ದಕ್ಕಿಂತ ಇಳುವರಿ ಶೇ. 89ರಷ್ಟು ಹೆಚ್ಚಿತು. ಎರಡು ವರ್ಷ ಮುಗಿಯುವಷ್ಟರಲ್ಲಿ ಶಿಲೀಂಧ್ರನಾಶಕ ಸಿಂಪಡಿಸುವುದನ್ನೇ ಬಿಟ್ಟರು. ಗಾಳಿಯಲ್ಲಿ ತೇಲುವ ರೋಗದ ಬೀಜಕಣ ಮುಂದಿನ ಅಂಟಕ್ಕಿಯ ಗಿಡ ತಲುಪುವ ಮೊದಲು ನಡುವಿನ ನಿರೋಧಕ ಸಾಲಿಗೆ ಬಡಿದು ವ್ಯರ್ಥವಾಗುತ್ತದೆ. ಎತ್ತರದ ಅಂಟಕ್ಕಿಯ ನಡುವೆ ಗಾಳಿ ಬಿಸಿಲು ಆಡಿ ಎಲೆಯ ಮೇಲಿನ ತೇವ ಬೇಗ ಆರುತ್ತದೆ. ಇಷ್ಟೇ ಯಂತ್ರ.

ಮತ್ತೆ ರಾಗಿ ಹೊಲಕ್ಕೆ ಬರೋಣ, ಈ ಸಲ ನೆಲದ ಕೆಳಗೆ. ರಾಗಿಯ ಬೇರು ಮೇಲ್ಮಣ್ಣಿನಲ್ಲೇ ಹರಡಿಕೊಳ್ಳುವಂಥದು. ತೊಗರಿಯ ತಾಯಿಬೇರು ಆಳಕ್ಕೆ ಇಳಿಯುತ್ತದೆ. ರಾತ್ರಿ ಎಲೆಯ ರಂಧ್ರ ಮುಚ್ಚಿ ಗಿಡ ನೀರು ಉಸಿರಾಡುವುದು ನಿಂತಾಗ, ತೊಗರಿಯ ಆಳದ ಬೇರು ಎಳೆದ ನೀರು ಮೇಲಿನ ಬೇರುಗಳಿಂದ ಒಣ ಮಣ್ಣಿಗೆ ಸೋರುತ್ತದೆ. ಇದು ಬಾವಿಯಿಲ್ಲದ ನೀರಾವರಿ. ಆ ನೀರು ರಾಗಿಯನ್ನು ತಲುಪುತ್ತದೆಯೇ? ಸ್ವಿಟ್ಜರ್ಲೆಂಡಿನ ಬಾಸೆಲ್ ವಿಶ್ವವಿದ್ಯಾಲಯ ಮತ್ತು ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದ ವಿಜ್ಞಾನಿಗಳು ಸೇರಿ ನಡೆಸಿದ ಕೆಲಸದಲ್ಲಿ ಇದೇ ಪ್ರಶ್ನೆ ಇತ್ತು. ಕುಂಡಗಳ ಪ್ರಯೋಗದಲ್ಲಿ ತೊಗರಿ ಮತ್ತು ರಾಗಿಯ ಬೇರುಗಳನ್ನು ಬೆಸೆಯುವ ಮೈಕೊರೈಜಾ ಶಿಲೀಂಧ್ರದ ಎಳೆಗಳಿಗೆ ದಾರಿ ಬಿಟ್ಟಾಗ, ನೀರು ನಿಲ್ಲಿಸಿದ ದಿನಗಳಲ್ಲಿ ರಾಗಿ ಹೆಚ್ಚು ತಾಳಿಕೊಂಡಿತು. ಶಿಲೀಂಧ್ರದ ಎಳೆ ನಮ್ಮ ಕೂದಲಿಗಿಂತ ಎಷ್ಟೋ ಪಟ್ಟು ತೆಳು. ಬೇರು ನುಗ್ಗದ ಮಣ್ಣಿನ ಸಂದಿಗೂ ಅದು ಹೋಗುತ್ತದೆ. ಈ ಜೋಡಿಯನ್ನು ಹೊಲದಲ್ಲಿ ಪರೀಕ್ಷಿಸಿದ್ದು ಬೆಂಗಳೂರು ಮತ್ತು ತಮಿಳುನಾಡಿನ ಕೊಲ್ಲಿ ಬೆಟ್ಟದಲ್ಲಿ.

ತೊಗರಿಯ ಬೇರಿಗೆ ಇನ್ನೊಂದು ವಿದ್ಯೆ ಗೊತ್ತು. ನಮ್ಮ ಕೆಂಪು ಮಣ್ಣಿನಲ್ಲಿ ರಂಜಕ ಇದ್ದರೂ ಕಬ್ಬಿಣಕ್ಕೆ ಅಂಟಿಕೊಂಡು ಬೆಳೆಗೆ ಸಿಗದಂತಿರುತ್ತದೆ. ತೊಗರಿಯ ಬೇರು ಪಿಸಿಡಿಕ್ ಆಮ್ಲ ಒಸರಿ ಕಬ್ಬಿಣವನ್ನು ಹಿಡಿದಿಟ್ಟು ರಂಜಕವನ್ನು ಬಿಡಿಸುತ್ತದೆ. ಇದನ್ನು ಇಕ್ರಿಸ್ಯಾಟ್‌ನಲ್ಲಿದ್ದ ಜಪಾನಿನ ನೊರಿಹಾರು ಅಯೆ ಮತ್ತು ಸಂಗಡಿಗರು 1990ರಲ್ಲಿ ತೋರಿಸಿದರು. ಹೀಗೆ ಬಿಡುಗಡೆಯಾದ ರಂಜಕದಲ್ಲಿ ಅದೇ ಹೊಲದ ಮುಂದಿನ ಬೆಳೆಗೂ ಪಾಲು ಸಿಗುತ್ತದೆ. ಗೊಬ್ಬರದಂಗಡಿಯ ರಂಜಕ ಬಹುಪಾಲು ಹೊರದೇಶದಿಂದ ಬರುವ ಈ ಕಾಲದಲ್ಲಿ ಇದು ಸಣ್ಣ ಮಾತಲ್ಲ.

ಇಳುವರಿಯ ಮಾತು ತಪ್ಪಿಸಿಕೊಳ್ಳುವುದು ಸರಿಯಲ್ಲ. 2011ರಲ್ಲಿ ಡೆಬೊರಾ ಲೆಟೂರ್ನೊ ಮತ್ತು ಜೊತೆಗಾರರು 552 ಪ್ರಯೋಗಗಳನ್ನು ಒಟ್ಟು ಮಾಡಿ ನೋಡಿದಾಗ ವೈವಿಧ್ಯದ ಹೊಲಗಳಲ್ಲಿ ಹುಳ ಕಡಿಮೆ, ಹುಳ ತಿನ್ನುವವು ಹೆಚ್ಚು, ಬೆಳೆಗೆ ಹಾನಿ ಕಡಿಮೆ ಎಂಬುದು ಸ್ಪಷ್ಟವಾಗಿತ್ತು. ಆದರೆ ಮುಖ್ಯ ಬೆಳೆಯ ಇಳುವರಿ ಮಾತ್ರ ಸ್ವಲ್ಪ ಕಡಿಮೆಯೇ ಇತ್ತು. ಜಾಗ ಬಿಟ್ಟುಕೊಟ್ಟಮೇಲೆ ಅದು ಸಹಜ. ಅಕ್ಕಡಿ ಹಾಕಿದ ಎಕರೆಯಲ್ಲಿ ರಾಗಿ ಬರೀ ರಾಗಿ ಬಿತ್ತಿದ ಎಕರೆಯಷ್ಟು ಬರುವುದಿಲ್ಲ. ಅಳೆಯಬೇಕಾದದ್ದು ರಾಗಿಯನ್ನಲ್ಲ, ಎಕರೆಯನ್ನು: ಅಕ್ಕಡಿಯ ಎಕರೆ ಕೊಟ್ಟ ರಾಗಿ, ಅವರೆ, ತೊಗರಿಯನ್ನೆಲ್ಲ ಬೇರೆ ಬೇರೆ ಬೆಳೆಯಲು ಎಷ್ಟು ನೆಲ ಬೇಕಾಗುತ್ತಿತ್ತು? ಒಂದು ಎಕರೆಗಿಂತ ಹೆಚ್ಚು ಬೇಕಾದರೆ ಅಕ್ಕಡಿ ಗೆದ್ದಂತೆ. ಗೆಲುವಿಗಿಂತ ದೊಡ್ಡದು ಸೋಲದಿರುವುದು. ಇಕ್ರಿಸ್ಯಾಟ್‌ನ ರಾವ್ ಮತ್ತು ವಿಲ್ಲಿ 1980ರಲ್ಲಿ ಜೋಳ–ತೊಗರಿಯ 94 ಪ್ರಯೋಗಗಳ ಲೆಕ್ಕ ಹಾಕಿದರು. ಒಂದು ಗೊತ್ತಾದ ಆದಾಯಕ್ಕಿಂತ ಕೆಳಗೆ ಬೀಳುವುದನ್ನು ಸೋಲು ಎಂದಿಟ್ಟುಕೊಂಡರೆ, ಬರೀ ತೊಗರಿ ಐದು ವರ್ಷಕ್ಕೊಮ್ಮೆ ಸೋಲುತ್ತದೆ, ಬರೀ ಜೋಳ ಎಂಟು ವರ್ಷಕ್ಕೊಮ್ಮೆ, ಎರಡನ್ನೂ ಕೂಡಿ ಬೆಳೆದರೆ 36 ವರ್ಷಕ್ಕೊಮ್ಮೆ. ಸಾಲ ತಂದು ಬಿತ್ತುವ ಮನೆಗೆ ಎಂಟು ಮತ್ತು 36ರ ನಡುವಿನ ಅಂತರ ಏನೆಂದು ವಿವರಿಸಬೇಕಿಲ್ಲ. ಧಾರವಾಡ, ಗದಗ, ಹಾವೇರಿಯ ಎರೆಹೊಲಗಳಲ್ಲಿ ಉಳ್ಳಾಗಡ್ಡಿ, ಬ್ಯಾಡಗಿ ಮೆಣಸಿನಕಾಯಿ, ಜಯಧರ್ ಹತ್ತಿಯನ್ನು ಒಂದೇ ಹೊಲದಲ್ಲಿ ಬೆಳೆದು ಒಂದರ ಬೆನ್ನಿಗೆ ಒಂದನ್ನು ಬಿಡಿಸಿಕೊಳ್ಳುತ್ತಿದ್ದವರ ಲೆಕ್ಕವೂ ಇದೇ ಆಗಿತ್ತು.

ಅಕ್ಕಡಿ ಈಗ ಕಡಿಮೆಯಾಗುತ್ತಿರುವುದಕ್ಕೆ ರೈತರ ಅಜ್ಞಾನ ಕಾರಣವಲ್ಲ. ಕಳೆ ಕೀಳಲು ಆಳಿಲ್ಲ, ಆದ್ದರಿಂದ ರಾಗಿಗೆ 2,4–ಡಿ ಕಳೆನಾಶಕ ಬಂತು. ಅದು ಹುಲ್ಲಿನ ಕುಲವನ್ನು ಬಿಟ್ಟು ಅಗಲ ಎಲೆಯ ಗಿಡಗಳನ್ನೆಲ್ಲ ಸುಡುತ್ತದೆ. ಅವರೆ, ತೊಗರಿ, ಅಲಸಂದೆ, ಹುಚ್ಚೆಳ್ಳು ಎಲ್ಲವೂ ಅಗಲ ಎಲೆಯವು. ಆ ಔಷಧಿಯ ಕಣ್ಣಿಗೆ ಅವೂ ಕಳೆಯೇ. ಅದರ ಜೊತೆಗೇ ಅಣ್ಣೆ, ಗಣಿಕೆ, ಗೋಣಿ ಸೊಪ್ಪುಗಳೂ ಹೋದವು. ರಾಗಿ ಹೊಲದಲ್ಲಿ ಕೈಗೆ ಸಿಕ್ಕಿದ ಹತ್ತು ಬಗೆ ಕೂಡಿಸಿ ಬೆರಕೆ ಸೊಪ್ಪಿನ ಸಾರು ಮಾಡುತ್ತಿದ್ದ ಮನೆಗಳಿಗೆ ಈ ನಷ್ಟ ತಟ್ಟೆಯಲ್ಲೇ ಕಾಣುತ್ತದೆ. ಕೀಟ ಲೋಕಕ್ಕೆ ಆದ ನಷ್ಟ ಕಾಣುವುದಿಲ್ಲ. ಆ ಸಣ್ಣಪುಟ್ಟ ಕಳೆಹೂಗಳ ಮಕರಂದವೇ ಬಲಿತ ಪರಾವಲಂಬಿ ಕಣಜಗಳ ಊಟ. ಅದಿಲ್ಲದೆ ಅವುಗಳ ಆಯಸ್ಸು ಕುಗ್ಗುತ್ತದೆ. ಇನ್ನು ಕಟಾವಿನ ಯಂತ್ರ. ರಾಗಿ ಕೊಯ್ಯುವಾಗ ಅವರೆ ಇನ್ನೂ ಹೂವು, ಎಳೆಗಾಯಿ. ಮನುಷ್ಯರ ಕುಡುಗೋಲು ಆ ಸಾಲನ್ನು ಬಿಟ್ಟು ಹೋಗುತ್ತಿತ್ತು, ಯಂತ್ರ ಬಿಡುವುದಿಲ್ಲ.

ಎರಡಕ್ಕೂ ಪರಿಹಾರ ಅಸಾಧ್ಯವೇನಲ್ಲ. ಯಂತ್ರದ ಅಗಲಕ್ಕೆ ಸರಿಯಾಗಿ ರಾಗಿಯ ಪಟ್ಟೆ, ನಡುವೆ ಅಕ್ಕಡಿಯ ಪಟ್ಟೆ ಎಂದು ಸಾಲು ಹೊಂದಿಸಬಹುದು. ಕಳೆಗೆ ಎಡೆಕುಂಟೆ, ಸಣ್ಣ ಪವರ್ ವೀಡರ್ ಇದೆ. ಇದನ್ನು ರೈತರೊಬ್ಬರೇ ಮಾಡಿಕೊಳ್ಳಲಿ ಎಂದು ಬಿಡುವುದು ನ್ಯಾಯವಲ್ಲ. ಬಾಡಿಗೆ ಯಂತ್ರ ಕೇಂದ್ರಗಳು, ಕೃಷಿ ವಿಶ್ವವಿದ್ಯಾಲಯಗಳು ಒಂದೇ ಬೆಳೆಯ ಸಾಲಿಗೆ ತೋರಿಸಿದ ಕಾಳಜಿಯಲ್ಲಿ ಅರ್ಧವನ್ನಾದರೂ ಅಕ್ಕಡಿಗೆ ತೋರಿಸಬೇಕು.

ಹೊಲವಿರುವ ಓದುಗರಿಗೆ ಒಂದು ಮಾತು. ಮುಂದಿನ ಮುಂಗಾರಿಗೆ ಎಲ್ಲ ನೆಲವನ್ನೂ ಬದಲಿಸಬೇಡಿ. ಅರ್ಧ ಎಕರೆ ಸಾಕು. ಎಂಟು ಸಾಲು ರಾಗಿಗೆ ಒಂದು ಸಾಲು ಅವರೆ ಅಥವಾ ತೊಗರಿ, ಸುತ್ತ ಹುಚ್ಚೆಳ್ಳು, ಬದುವಿಗೆ ಹತ್ತಿಪ್ಪತ್ತು ಹರಳು ಗಿಡ. ಆ ಅರ್ಧ ಎಕರೆಗೆ ಕಳೆನಾಶಕ ತಾಗದಿರಲಿ. ಬೀಜ ಅಂಗಡಿಯಲ್ಲಿ ಹುಡುಕಬೇಡಿ, ಊರಿನ ಹಿರಿಯ ಹೆಂಗಸರನ್ನು ಕೇಳಿ. ನಾಟಿ ಅವರೆ, ನಾಟಿ ಅಲಸಂದೆ ಇನ್ನೂ ಇರುವುದು ಅವರ ಮಡಕೆಗಳಲ್ಲೇ. ಯಾವ ಸಾಲಿನ ಪಕ್ಕ ಯಾವುದನ್ನು ಹಾಕುತ್ತಿದ್ದರು, ಯಾವುದನ್ನು ಹಾಕುತ್ತಿರಲಿಲ್ಲ ಎಂದೂ ಕೇಳಿ ಬರೆದಿಟ್ಟುಕೊಳ್ಳಿ. ಅವರಿರುವಾಗಲೇ ಕೇಳಿ.